ಮೀಟರಮ್ಮನ ಬೆರಳು

ಗುಲಾಬಿ ಶೆಡ್ಡಿನಲ್ಲಿ ನಮ್ಮತ್ತೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮೀಟರಮ್ಮ ಅಂತ. ಮೊಗ್ಗನ್ನು ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ನಡುವೆ ಹಿಡಿದು ಒಂದಿಷ್ಟೇ ಒತ್ತುತ್ತಿದ್ದರು. ಅದು ಊರು ಮುಟ್ಟಿದ ಮೇಲೆ ಅರಳುತ್ತದೋ, ದಾರಿಯಲ್ಲೇ ಅರಳಿ ಉದುರುತ್ತದೋ, ಇಲ್ಲಾ ಹೂದಾನಿಯಲ್ಲಿ ಮುಖ ಊದಿಸಿಕೊಂಡು ಹಾಗೇ ಒಣಗುತ್ತದೋ ಅನ್ನುವುದು ಅಷ್ಟರಲ್ಲೇ ಗೊತ್ತಾಗಿಬಿಡುತ್ತಿತ್ತು. ಬಾಯಲ್ಲಿ ಮೂರೇ ಮಾತು. ಇನ್ನೂ ಬಲಿಯದ ಮೊಗ್ಗಿಗೆ 'ಕಲ್ಲು', ಮೀರಿ ಹೋದದ್ದಕ್ಕೆ 'ಗಾಳಿ', ಸರಿಯಾಗಿದ್ದರೆ 'ಹದ'. ಉದ್ದನೆಯ ಮೇಜಿನ ಸುತ್ತ ನಿಂತ ಹೆಂಗಸರು ಅನುಮಾನ ಬಂದ ಮೊಗ್ಗನ್ನು ಎತ್ತಿ ಹಿಡಿದು "ಮೀಟರಮ್ಮಾ" ಅಂತ ಕೂಗುವುದು, ಇವರು ಬಂದು ಒತ್ತಿ ನೋಡಿ ತೀರ್ಪು ಕೊಡುವುದು. ನ್ಯಾಯಾಧೀಶರಿಗಾದರೂ ಮೇಲೊಂದು ಕೋರ್ಟಿರುತ್ತದೆ, ಇವರಿಗೆ ಅದೂ ಇರಲಿಲ್ಲ.

ನಾನು ಅವರ ಸೊಸೆ. ಸೊಸೆ ಅತ್ತೆಯನ್ನು ಹೊಗಳಿದರೆ ಜನ ನಂಬುವುದಿಲ್ಲ, ತೆಗಳಿದರೆ ತಕ್ಷಣ ನಂಬುತ್ತಾರೆ. ಅದಕ್ಕೇ ಎರಡನ್ನೂ ಹೇಳಿಬಿಡುತ್ತೇನೆ. ಅವರಿಗೆ ಅಡುಗೆ ಬಾರದು. ಮಾತಿನಲ್ಲಿ ನಯವಿಲ್ಲ. ಟೀಯನ್ನು ಬೀದಿಗೆಲ್ಲ ಕೇಳುವಂತೆ ಹೀರುತ್ತಾರೆ. ಆದರೆ ಕೈಕೆಲಸಕ್ಕೆ ನಿಂತರೆ ಅವರದು ಎತ್ತಿದ ಕೈ. ಮಗನಿಗೆ ನನ್ನನ್ನು ಆರಿಸಿದ್ದೂ ಕೈ ನೋಡಿಯೇ. ನಾನು ಅದೇ ಶೆಡ್ಡಿಗೆ ಹೊಸದಾಗಿ ಸೇರಿದ್ದೆ. ಅವರು ಪಕ್ಕದಲ್ಲಿ ನಿಂತು ಕೆಲವು ದಿನ ನನ್ನನ್ನು ಅಳೆದು ತೂಗಿ, ಕೊನೆಗೆ, "ಮುಖ ಸುಮಾರಾಗಿದೆ, ಕೈ ಚೆನ್ನಾಗಿದೆ. ನನ್ನ ಮಗನ್ನ ಮದುವೆ ಆಗ್ತೀಯಾ?" ಅಂದರು. ಮಗ ಅದೇ ಹೂವನ್ನು ಸಾಗಿಸುವ ತಂಪು ಲಾರಿಯ ಡ್ರೈವರು. ವಾರದಲ್ಲಿ ಹೆಚ್ಚು ಹೊತ್ತು ರಸ್ತೆಯ ಮೇಲೇ ಇರುತ್ತಾನೆ. ಅಪರೂಪಕ್ಕೆ ಸಿಗುವ ಗಂಡನ ಜೊತೆ ಜಗಳವೂ ಅಪರೂಪ ಅನ್ನಿಸಿ ಒಪ್ಪಿಕೊಂಡೆ.

ಶೆಡ್ಡಿನವರು ಎಲ್ಲರಿಗೂ ಕೈಗವಸು ಕೊಡುತ್ತಿದ್ದರು. ಕೊಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೊಣಕೈ ಹತ್ತಿರದವರೆಗೆ ಬರುವ ಹಸಿರು ರಬ್ಬರಿನ ದಪ್ಪ ಕೈಗವಸು. ಅದನ್ನು ಹಾಕಿಕೊಂಡರೆ ಮೊಗ್ಗೂ ಒಂದೇ, ಆಲೂಗಡ್ಡೆಯೂ ಒಂದೇ. ಹಾಗಾಗಿ ಹೊಸ ಜೊತೆ ಸಿಕ್ಕಿದ ಕೂಡಲೇ ನಾವು ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಕತ್ತರಿ ತಂದು ಮೊಗ್ಗು ಹಿಡಿಯುವ ಮೂರು ಬೆರಳುಗಳ ತುದಿಯನ್ನು ಕತ್ತರಿಸಿ ಹಾಕುವುದು. ಪೂರ್ತಿ ಕೈಗವಸಿನಲ್ಲಿ ಕೆಲಸ ಮಾಡುವವಳು ಏನೂ ಕಲಿಯದ ಹೊಸಬಳು, ತುದಿ ಕತ್ತರಿಸಿದವಳು ಪಳಗಿದವಳು. ಮೇಜಿನಲ್ಲಿ ಅದೊಂದು ಬಡ್ತಿ ಇದ್ದ ಹಾಗೆ. ನನ್ನ ಕೈಗವಸನ್ನು ಅತ್ತೆಯೇ ಕತ್ತರಿಸಿ ಕೊಟ್ಟ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ ಉಬ್ಬಿಹೋಗಿದ್ದೆ. ಕತ್ತರಿಸಿದ ತುದಿಗಳನ್ನು ಅವರು ಮನೆಗೆ ತರುತ್ತಿದ್ದರು. ಸೋರುವ ನಲ್ಲಿಗೊಂದು, ಛತ್ರಿಯ ಮೊನೆಗೊಂದು, ಕತ್ತರಿಯ ಮೂತಿಗೊಂದು. ನಮ್ಮ ಮನೆಯ ಸಾಮಾನುಗಳೆಲ್ಲ ಹಸಿರು ಟೋಪಿ ಹಾಕಿಕೊಂಡಿದ್ದವು.

ಹೂವು ನಮ್ಮ ಮೇಜಿಗೆ ಬರುವಷ್ಟರಲ್ಲಿ ಅದಕ್ಕೆ ಸಾಕಷ್ಟು ಸ್ನಾನ ಆಗಿರುತ್ತಿತ್ತು. ಪ್ಲಾಸ್ಟಿಕ್ ಹೊದಿಸಿದ ಉದ್ದುದ್ದ ಹೂಮನೆಗಳಲ್ಲಿ ಹುಳಕ್ಕೊಂದು ಔಷಧಿ, ಬೂಷ್ಟಿಗೊಂದು, ಎಲೆಯ ಅಡಿ ಕೂರುವ ನುಸಿಗೊಂದು. ಕ್ಯಾನುಗಳ ಮೇಲೆ ಏನು ಬರೆದಿದೆ ಅಂತ ಓದಿದವರಿಲ್ಲ. ಅಕ್ಷರ ಸಾಸಿವೆಗಿಂತ ಸಣ್ಣದು. ನಾವು ವಾಸನೆ ಹಿಡಿದು ಹೆಸರಿಟ್ಟಿದ್ದೆವು. ಒಂದು ಸೀಮೆಣ್ಣೆ, ಒಂದು ಕೊಳೆತ ಮೊಟ್ಟೆ, ಎಲ್ಲಕ್ಕಿಂತ ಜೋರಿನದು ಬೆಳ್ಳುಳ್ಳಿ. ಹೊಡೆದ ಮೇಲೆ ಇಷ್ಟು ಹೊತ್ತು ಒಳಗೆ ಹೋಗಬಾರದು ಅಂತ ಬಾಗಿಲಿಗೆ ಕೆಂಪು ಹಲಗೆ ತೂಗುಹಾಕುತ್ತಿದ್ದರು. ಮದುವೆಗಳ ಕಾಲದಲ್ಲಿ ಲಾರಿ ಹೊರಡುವ ಹೊತ್ತು ಹತ್ತಿರವಾದರೆ, ಹಲಗೆ ಅಲ್ಲೇ ತೂಗುತ್ತಿರುವಾಗ ಅದರ ಪಕ್ಕದಿಂದಲೇ ಹೂವಿನ ಕಟ್ಟುಗಳು ಹೊರಬರುತ್ತಿದ್ದವು. ಒದ್ದೆಯಾಗಿಯೇ ಬರುತ್ತಿದ್ದವು. ಒದ್ದೆ ಮೊಗ್ಗನ್ನು ಒತ್ತಿದರೆ ನೀರು ಬೆರಳ ತುದಿಯಿಂದ ಇಳಿದು ಕೈಗವಸಿನೊಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಸಂಜೆ ಬಿಚ್ಚಿದಾಗ ಬೆರಳುಗಳು ನೆನೆಸಿಟ್ಟ ಕಾಳಿನ ಹಾಗೆ ಬೆಳ್ಳಗೆ ಸುಕ್ಕಾಗಿರುತ್ತಿದ್ದವು.

ತಲೆನೋವು ಎಲ್ಲರಿಗೂ ಇತ್ತು, ಎಲ್ಲರಿಗೂ ಇದ್ದದ್ದರಿಂದ ಯಾರೂ ಅದನ್ನು ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಳ್ಳುಳ್ಳಿ ಹೊಡೆದ ದಿನ ಬಾಯಲ್ಲಿ ಸುಮ್ಮಸುಮ್ಮನೆ ನೀರೂರುವುದು, ಕಣ್ಣು ಮಂಜಾಗುವುದು, ಕೂತಲ್ಲೇ ಬೆವರುವುದು, ರೆಪ್ಪೆ ತನ್ನಷ್ಟಕ್ಕೆ ತಾನೇ ಅದುರುವುದು. ಮೇಜಿನ ತುದಿಯಲ್ಲಿ ನಿಲ್ಲುತ್ತಿದ್ದ ಗಿಡ್ಡಕ್ಕ ಒಮ್ಮೆ ಹೂವಿನ ಬಕೆಟ್ಟಿಗೇ ವಾಂತಿ ಮಾಡಿಕೊಂಡಳು. "ಏನು ಗಿಡ್ಡಕ್ಕಾ, ಸಿಹಿ ಸುದ್ದಿನಾ?" ಅಂತ ಎಲ್ಲರೂ ಕಾಡಿದೆವು. ಅವಳಿಗಾಗಲೇ ಮೊಮ್ಮಕ್ಕಳಿದ್ದರು. ಅವಳೂ ನಕ್ಕಳು, ಬಾಯಿ ತೊಳೆದುಕೊಂಡು ಬಂದು ಮತ್ತೆ ನಿಂತಳು.

ಅತ್ತೆಗೆ ಬದುಕಿನಲ್ಲಿ ಒಂದು ಕೊರಗಿತ್ತು. ಮಗ ಹುಟ್ಟಿ ಇನ್ನೂ ಕುತ್ತಿಗೆ ನಿಲ್ಲುವ ಮೊದಲೇ ಅವರು ಕೆಲಸಕ್ಕೆ ಹೋಗಬೇಕಾಯಿತು. ಮಾವ ಆಗಲೇ ತೀರಿಕೊಂಡಿದ್ದರು. ಬೆಳಕು ಹರಿಯುವ ಮೊದಲು ಹೊರಟರೆ ಕತ್ತಲಾದ ಮೇಲೆ ವಾಪಸು. ಮಗುವಿಗೆ ಸ್ನಾನ ಮಾಡಿಸಿದ್ದೆಲ್ಲ ಪಕ್ಕದ ಮನೆಯ ಮುದುಕಿ. "ನನ್ನ ಮಗನ ಮೈ ಹೇಗಿತ್ತು ಅಂತ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ" ಅಂತ ಅವರು ಹೇಳುವಾಗ ಆ ಮುದುಕಿಯ ಮೇಲೆ ಇನ್ನೂ ಸಿಟ್ಟಿರುತ್ತಿತ್ತು. ಪಾಪ, ಅವಳು ಸತ್ತು ಎಷ್ಟೋ ಕಾಲವಾಗಿತ್ತು. ನಾನು ಬಸುರಿ ಅಂತ ತಿಳಿದ ದಿನವೇ ಅತ್ತೆ ಕರಾರು ಹಾಕಿದರು. "ಹೆರೋದು ನೀನು. ಹಾಲು ಕುಡಿಸೋದು ನೀನು. ಸ್ನಾನ ನಂದು. ಅದಕ್ಕೆ ಮಾತ್ರ ಕೈ ಹಾಕ್ಬೇಡ."

"ನಿಮ್ಮ ಮಗ ಏನು ಮಾಡ್ಬೇಕು?" ಅಂದೆ.

"ಅವನು ಲಾರಿ ಓಡಿಸ್ಲಿ."

ಆ ಹೊತ್ತಿಗಾಗಲೇ ಅವರ ಕೈಯಿಂದ ವಸ್ತುಗಳು ಜಾರತೊಡಗಿದ್ದವು. ಲೋಟ, ಚಮಚ, ಬೀಗದ ಕೈ. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ನಿಂತು ಒದ್ದಾಡುತ್ತಿದ್ದರು. ಕೇಳಿದರೆ, "ತಂಪು ಕೋಣೆಗೆ ಹೋಗಿ ಬಂದು ಕೈ ಮರಗಟ್ಟಿದೆ" ಅನ್ನುತ್ತಿದ್ದರು. ಹೌದಿರಬಹುದು ಅಂದುಕೊಂಡೆ. ಬೀದಿಯ ಡಾಕ್ಟರು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಅಷ್ಟರಲ್ಲಿ ದೂರದೂರುಗಳಿಂದ ದೂರು ಬರಲು ಶುರುವಾಯಿತು. ಪೆಟ್ಟಿಗೆ ತೆರೆದರೆ ಅರ್ಧಕ್ಕರ್ಧ ಹೂವು ಗಾಳಿ. ಶೆಡ್ಡಿನ ಮೇಸ್ತ್ರಿ ಲಾರಿಯ ತಂಪು ಯಂತ್ರವನ್ನು ಬೈದ, ಅಂದರೆ ನನ್ನ ಗಂಡನನ್ನು ಬೈದ. ಗಂಡ ಮನೆಗೆ ಬಂದು ಲಾರಿಯನ್ನು ಬೈದ. ಅತ್ತೆ ಎದುರಿಗೇ ಕೂತು ಟೀ ಕುಡಿಯುತ್ತಿದ್ದರು. ಒಂದು ಮಾತಿಗೆ ಎರಡು ಮಾತು ವಾಪಸು ಕೊಡುವ ಹೆಂಗಸು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಟೀ ಹೀರುವ ಸದ್ದೂ ಇರಲಿಲ್ಲ.

ಹೆಣ್ಣುಮಗು ಹುಟ್ಟಿತು. ನಾನು ಕೆಲಸ ಬಿಟ್ಟು ಮನೆಯಲ್ಲೇ ಉಳಿದೆ. ಅತ್ತೆ ಮೇಸ್ತ್ರಿಯ ಹತ್ತಿರ ಜಗಳವಾಡಿ ಬೆಳಿಗ್ಗೆ ತಡವಾಗಿ ಹೋಗುವ ಒಪ್ಪಿಗೆ ಪಡೆದರು. ಅಡುಗೆಮನೆಯ ಮೇಜಿನ ಮೇಲೆ ನೀಲಿ ಪ್ಲಾಸ್ಟಿಕ್ ಟಬ್ಬು, ಪಕ್ಕದಲ್ಲಿ ಮಡಿಸಿಟ್ಟ ಟವೆಲು, ಒಲೆಯ ಮೇಲೆ ನೀರಿನ ಪಾತ್ರೆ. ನಾನು ಕೋಣೆಯಲ್ಲಿ ಮಲಗಿಕೊಂಡು ಕೇಳುತ್ತಿದ್ದೆ. ಅಲ್ಲಿ ಮಗುವಿಗಿಂತ ಅಜ್ಜಿಯ ಗಲಾಟೆಯೇ ಹೆಚ್ಚು. "ಏನೇ ಕಳ್ಳಿ, ಒದೀತೀಯಾ? ಅಜ್ಜಿಗೇ ಒದೀತೀಯಾ? ಒದಿ, ಒದಿ." ಅಷ್ಟು ಮೆತ್ತಗಿನ ಮಾತು ಅವರ ಬಾಯಿಂದ ಬರಬಹುದು ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಒಂದು ದಿನ ನಾನು ಅಡುಗೆಮನೆಯಲ್ಲೇ ಇದ್ದೆ, ಬಾಟಲಿ ತೊಳೆಯುತ್ತಿದ್ದೆ. ಮಗು ಎಂದೂ ಅಳದ ಹಾಗೆ ಅಳತೊಡಗಿತು. ತಿರುಗಿ ನೋಡಿದರೆ ತುಟಿ ನೀಲಿ. ಟಬ್ಬಿಗೆ ಕೈಯಿಟ್ಟೆ. ನಲ್ಲಿಯಿಂದ ಹಿಡಿದ ಹಾಗಿತ್ತು ನೀರು.

"ತಣ್ಣಗಿದೆಯಲ್ಲ ಅತ್ತೆ!"

"ಎಲ್ಲಿ ತಣ್ಣಗಿದೆ? ಬೆಚ್ಚಗಿದೆ."

"ಗ್ಯಾಸ್ ಉಳಿಸೋಕೆ ನಿಮಗೆ ನನ್ನ ಮಗುನೇ ಸಿಕ್ಕಿತಾ?" ಅಂದುಬಿಟ್ಟೆ. ಅವರು ತಿರುಗಿ ಬೀಳುತ್ತಾರೆ ಅಂತ ಸೊಂಟ ಕಟ್ಟಿ ನಿಂತಿದ್ದೆ. ಬೀಳಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಚೀಲ ಎತ್ತಿಕೊಂಡು ಕೆಲಸಕ್ಕೆ ಹೊರಟುಹೋದರು.

ಅದಾದ ಕೆಲವು ದಿನಕ್ಕೆ, ಮಡಿಸಿದ ಬಟ್ಟೆಗಳನ್ನು ಇಡಲು ಅಡುಗೆಮನೆಗೆ ಬಂದೆ. ಮಗು ಮೇಜಿನ ಮೇಲೆ ಟವೆಲಿನಲ್ಲಿ ಬರಿಮೈಯಲ್ಲಿ ಮಲಗಿ ಕಾಲು ಬಡಿಯುತ್ತಿತ್ತು. ಅತ್ತೆ ಟಬ್ಬಿನ ನೀರಿಗೆ ಮೂರು ಬೆರಳು ಅದ್ದಿದರು, ಮೊಗ್ಗು ಹಿಡಿಯುವ ಹಾಗೆಯೇ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಮುಖವೆಲ್ಲ ಅರಳಿಸಿ ಮಗುವಿಗೆ "ಹದ!" ಅಂದರು. ಮಗ್ಗಿನಲ್ಲಿ ನೀರು ಮೊಗೆದು ಮಗುವಿನ ಮೇಲೆ ಸುರಿಯಲು ಎತ್ತಿದರು. ಮಗ್ಗಿನಿಂದ ಹಬೆ ಏಳುತ್ತಿತ್ತು.

ನಾನು ಓಡಿಹೋಗಿ ಅವರ ಕೈಗೆ ಹೊಡೆದೆ. ಮಗ್ಗು ಹಾರಿ, ನೀರೆಲ್ಲ ಅವರ ಬರಿ ಪಾದಗಳ ಮೇಲೆ ಬಿತ್ತು. ಒಂದು ಹನಿ ನನ್ನ ಕಾಲಿಗೂ ಸಿಡಿದು ಚುರ್ ಅಂದಿತು. ಮಗುವನ್ನು ಎತ್ತಿಕೊಂಡು ಬೈಯಲು ಬಾಯಿ ತೆರೆದೆ. ಅತ್ತೆ ಇದ್ದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು, ಯಾಕೆ ಹೊಡೆದಳು ಇವಳು ಅನ್ನುವ ಹಾಗೆ. ಅವರ ಪಾದಗಳು ಕೆಂಪಗಾಗುತ್ತಿದ್ದವು. ಅವರು ಕಾಲು ಕದಲಿಸಲಿಲ್ಲ.

"ಅತ್ತೆ, ಕಾಲು" ಅಂದೆ.

ಅವರು ಬಗ್ಗಿ ನೋಡಿಕೊಂಡರು. ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದರು. "ಓ" ಅಂದರು.

ತಣ್ಣೀರು ಸುರಿದು ಅವರನ್ನು ನೆಲದ ಮೇಲೆ ಕೂರಿಸಿದೆ. ಮಗು ನನ್ನ ಹೆಗಲ ಮೇಲೆ ಏನೂ ಆಗದ ಹಾಗೆ ತೊದಲುತ್ತಿತ್ತು.

"ಎಷ್ಟು ದಿನದಿಂದ?" ಅಂತ ಕೇಳಿದೆ.

"ನೀನು ಬಸುರಿ ಆಗೋಕ್ಕಿಂತ ಮುಂಚಿನಿಂದ."

"ಮತ್ತೆ ಮೊಗ್ಗು ಹೇಗೆ ಹೇಳ್ತಿದ್ರಿ?"

"ಬಣ್ಣ ನೋಡಿ ಹೇಳ್ತಿದ್ದೆ. ಒಂದೊಂದ್ಸಲ ಬಾಯಿಗೆ ಬಂದದ್ದು ಹೇಳ್ತಿದ್ದೆ."

"ಮಗು ನೀರು?"

"ತುಟಿಗೆ ಹಚ್ಚಿ ನೋಡ್ತಿದ್ದೆ. ಅವತ್ತು ನೀನು ಅಲ್ಲೇ ನಿಂತಿದ್ದೆ. ನೋಡಿಬಿಡ್ತೀಯಾ ಅಂತ ಹಚ್ಚಲಿಲ್ಲ." ಆಮೇಲೆ, "ಇವತ್ತು ಬೆರಳಿಗೆ ಏನೋ ಗೊತ್ತಾದ ಹಾಗಾಯ್ತು ಕಣೇ. ವಾಪಸ್ ಬಂತು ಅಂದ್ಕೊಂಡೆ" ಅಂದರು.

ನನಗೆ ಅಳು ಬರಲಿಲ್ಲ. ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗದೆ ಅದೂ ಒಳಗೇ ಆರಿಹೋಯಿತು. ಒಲೆ ಆರಿಸಿದೆ. ನೆಲ ಒರೆಸಿದೆ. ಆ ದಿನದ ಮಿಕ್ಕ ಕೆಲಸಗಳನ್ನೂ ಒಂದೊಂದಾಗಿ ಮಾಡಿದೆ, ಏನು ಮಾಡಿದೆ ಅಂತ ಈಗ ನೆನಪಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಪಾದಕ್ಕೆ ಮುಲಾಮು ಹಚ್ಚಿಸಿ, ರಕ್ತ ತೆಗೆಸಿ, ಸಕ್ಕರೆ ಕಾಯಿಲೆಯಿಲ್ಲ ಅಂದರು. ಆಮೇಲೆ ಅತ್ತೆಗೆ ಕಣ್ಣು ಮುಚ್ಚಿಸಿ ಬೆರಳುಗಳಿಗೆ ಸೂಜಿ ತಾಗಿಸುತ್ತ ಹೋದರು. "ಗೊತ್ತಾದಾಗ ಹೇಳಿ." ಅತ್ತೆ ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂತು ಕಾದರು. ಸೂಜಿ ಮಣಿಕಟ್ಟು ದಾಟಿ ಮೇಲೆ ಬಂದಾಗ "ಹಾಂ" ಅಂದರು.

"ಏನು ಕೆಲಸ ನಿಮ್ದು?"

"ಹೂವಿನ ಕೆಲಸ."

ಬೀದಿಯ ಡಾಕ್ಟರು ಇಷ್ಟಕ್ಕೇ ನಿಲ್ಲಿಸಿದ್ದರು. ಈಕೆ ನಿಲ್ಲಿಸಲಿಲ್ಲ. "ಹೂವಿಗೆ ಏನು ಹೊಡೀತಾರೆ?"

ಅತ್ತೆ ನನ್ನ ಮುಖ ನೋಡಿದರು. "ಬೆಳ್ಳುಳ್ಳಿ ವಾಸನೆದು" ಅಂದೆ. ಡಾಕ್ಟರಮ್ಮ ನಗಲಿಲ್ಲ. ಅದು ಹುಳದ ನರಕ್ಕೆ ಅಂತ ಮಾಡಿದ ವಿಷ, ಮನುಷ್ಯನ ನರವೂ ಅದಕ್ಕೆ ಬೇರೆಯಲ್ಲ, ಚರ್ಮದ ಮೂಲಕವೇ ಒಳಗೆ ಹೋಗುತ್ತದೆ ಅಂದರು. ಉದ್ದನೆಯ ನರಗಳು ಮೊದಲು ಸಾಯುತ್ತವಂತೆ, ಅದಕ್ಕೇ ಕಾಲು, ಕೈ. ಸ್ವಲ್ಪ ವಾಪಸು ಬರಬಹುದು, ಬಾರದೆಯೂ ಇರಬಹುದು. ಇನ್ನು ಆ ಕಡೆ ತಲೆ ಹಾಕಬಾರದು.

"ಕೈಗವಸು ಕೊಡ್ತಿರಲಿಲ್ವಾ?"

ತುದಿ ಕತ್ತರಿಸುವುದನ್ನು ಹೇಳಿದೆವು. ಆಕೆ ಪೆನ್ನು ಕೆಳಗಿಟ್ಟರು. "ಅದಕ್ಕಿಂತ ಬರಿಗೈ ವಾಸಿ. ಬರಿಗೈನಾದ್ರೂ ತೊಳ್ಕೋಬಹುದು. ನೀವು ವಿಷಾನ ಚೀಲದಲ್ಲಿ ತುಂಬಿ ದಿನವೆಲ್ಲ ಕೈಗೆ ಕಟ್ಕೊಂಡಿದ್ರಿ."

"ಪೂರ್ತಿ ಹಾಕ್ಕೊಂಡ್ರೆ ಮೊಗ್ಗು ಗೊತ್ತಾಗಲ್ವಲ್ಲ ಡಾಕ್ಟ್ರೇ" ಅಂದರು ಅತ್ತೆ, ವಾದದಲ್ಲಿ ಗೆದ್ದವರ ಹಾಗೆ. ಆಮೇಲೆ ತಮ್ಮ ಕೈ ನೋಡಿಕೊಂಡರು.

ಹೊರಡುವಾಗ ಡಾಕ್ಟರಮ್ಮ ನನ್ನನ್ನು ಕೇಳಿದರು. "ನೀವೂ ಅಲ್ಲೇನಾ?"

"ಹೆರಿಗೆ ಆದ್ಮೇಲೆ ಹೋಗಿಲ್ಲ."

"ನೀವೂ ಒಂದಿನ ಬಂದು ತೋರಿಸ್ಕೊಳ್ಳಿ."

ಆಯ್ತು ಅಂದೆ. ಮಗುವಿಗೆ ಹಾಲಿನ ಹೊತ್ತಾಗಿತ್ತು.

ಅಂದಿನಿಂದ ಮಗುವಿನ ಸ್ನಾನ ನನ್ನ ಪಾಲಿಗೆ ಬಂತು. ಕೊಡಿ ಅಂತ ನಾನು ಕೇಳಲಿಲ್ಲ, ತಗೋ ಅಂತ ಅವರೂ ಹೇಳಲಿಲ್ಲ. ನಾನು ಟಬ್ಬು ಇಟ್ಟ ಕೂಡಲೇ ಅವರು ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ಬೀದಿಯಲ್ಲಿ ಹೋಗುವವರು "ಏನು ಮೀಟರಮ್ಮ, ಕೆಲಸಕ್ಕೆ ರಜಾನಾ?" ಅಂದರೆ "ಹೂಂ" ಅನ್ನುತ್ತಿದ್ದರು. ಗಂಡ ಬಂದ ದಿನ ತಾಯಿಯ ಪಕ್ಕ ಮೆಟ್ಟಿಲ ಮೇಲೆ ಕೂತು, ಏನು ಮಾತಾಡಬೇಕೋ ತಿಳಿಯದೆ ಲಾರಿಯ ಟೈರಿನ ವಿಷಯ ಮಾತಾಡಿ ಹೋದ. ಮಗು ನೀರಿನಲ್ಲಿ ನಗುವ ಸದ್ದು ಹೊರಗೆ ಕೇಳಿಸುತ್ತದೆ ಅಂತ ನಾನು ಬಾಗಿಲು ಎಳೆದುಕೊಳ್ಳುತ್ತಿದ್ದೆ. ಎಳೆದರೂ ತಪ್ಪು, ಬಿಟ್ಟರೂ ತಪ್ಪು ಅನ್ನಿಸುತ್ತಿತ್ತು.

ಆಮೇಲೊಂದು ದಿನ ಮೇಸ್ತ್ರಿ ಬಂದ. ಕೆಟ್ಟವನೇನಲ್ಲ, ಮಾತು ಮಾತ್ರ ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಒಂದು ಕಟ್ಟು ಗುಲಾಬಿ ತಂದಿದ್ದ. ಅತ್ತೆಗೆ ವಯಸ್ಸಾಯಿತು ಅಂದ, ವಿಶ್ರಾಂತಿ ಒಳ್ಳೆಯದು ಅಂದ. ಮಾತಾಡುವಾಗ ಅವನ ಎಡಗಣ್ಣಿನ ರೆಪ್ಪೆ ಪಟಪಟ ಅದುರುತ್ತಿತ್ತು. ಕೊನೆಗೆ ವಿಷಯಕ್ಕೆ ಬಂದ. "ಮೇಜಿಗೆ ಮೀಟರ್ ಇಲ್ದಂಗಾಗಿದೆ. ನಿಮ್ಮ ಸೊಸೇನ ಕಳಿಸಿ." ಒಂದು ಜೊತೆ ಹೊಸ ಹಸಿರು ಕೈಗವಸನ್ನು ನನ್ನ ಮುಂದೆ ಇಟ್ಟ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಬಂದ್ರೆ ಪೂರ್ತಿ ಕೈಗವಸು ಹಾಕ್ಕೊಂಡೇ ಕೆಲಸ ಮಾಡ್ತಾಳೆ. ಒಂದು ತುದೀನೂ ಕತ್ತರಿಸಲ್ಲ."

"ಪೂರ್ತಿ ಹಾಕ್ಕೊಂಡ್ರೆ ಮೊಗ್ಗು ಹೇಗೆ ಗೊತ್ತಾಗುತ್ತೆ ಮೀಟರಮ್ಮ?"

"ಗೊತ್ತಾಗಲ್ಲ."

ಮೇಸ್ತ್ರಿ ಕೈಗವಸನ್ನು ಎತ್ತಿಕೊಂಡು, ಮಗುವಿನ ಕೆನ್ನೆ ಮುಟ್ಟಲು ಕೈ ಚಾಚಿ, ಅತ್ತೆ ನೋಡಿದ ನೋಟಕ್ಕೆ ಕೈ ಹಿಂದಕ್ಕೆಳೆದುಕೊಂಡು ಹೋದ.

"ಆ ಹೂವು ತೆಗೆದು ಹೊರಗೆ ಹಾಕು" ಅಂದರು ಅತ್ತೆ. "ಮನೇಲಿ ಮಗು ಇದೆ."

ಕಸದ ಡಬ್ಬಿಯ ಹತ್ತಿರ ನಿಂತಾಗ ಹ್ಞಾಂ ಹ್ಞೂಂ ಅನ್ನುವುದರೊಳಗೆ ನನ್ನ ಕೈ ಹಳೆಯ ಚಾಳಿಗೆ ಒಂದು ಮೊಗ್ಗನ್ನು ಹಿಡಿದು ಒತ್ತಿತ್ತು. ಏನೂ ತಿಳಿಯಲಿಲ್ಲ. ಬಿಟ್ಟು ತಿಂಗಳುಗಳಾದವು, ಅಭ್ಯಾಸ ತಪ್ಪಿದೆ ಅಂದುಕೊಂಡೆ. ಇನ್ನೊಂದನ್ನು ಒತ್ತಿದೆ. ಮತ್ತೊಂದನ್ನು ಒತ್ತಿದೆ. ಕಲ್ಲೋ ಗಾಳಿಯೋ ಒಂದೂ ಹೇಳಲಾಗಲಿಲ್ಲ. ಕಟ್ಟನ್ನು ಡಬ್ಬಿಗೆ ಹಾಕಿ, ಕೈಯನ್ನು ಸೋಪು ಹಚ್ಚಿ ಬಹಳ ಹೊತ್ತು ತೊಳೆದೆ.

ಮರುದಿನ ಬೆಳಿಗ್ಗೆ ಟಬ್ಬು ಇಟ್ಟಾಗ ಅತ್ತೆ ಎಂದಿನಂತೆ ಮೆಟ್ಟಿಲ ಕಡೆ ಹೊರಟರು.

"ಎಲ್ಲಿಗೆ?" ಅಂದೆ. "ಕರಾರು ಅಂದ್ರೆ ಕರಾರು. ಸ್ನಾನ ನಿಮ್ದು. ನೀರು ಬೆರೆಸೋದು ಮಾತ್ರ ನಂದು."

"ನನ್ನ ನಂಬ್ತೀಯಾ?"

"ಇಲ್ಲ. ಪಕ್ಕದಲ್ಲೇ ನಿಂತಿರ್ತೀನಿ."

ಅವರು ಮೂಗು ಮುರಿದರು. ಆದರೆ ಬಂದರು, ಅಂಗಿಯ ತೋಳು ಮಡಿಸಿಕೊಂಡರು. ನಾನು ಬಿಸಿನೀರು ಸುರಿದು, ತಣ್ಣೀರು ಬೆರೆಸಿ, ಬೆರಳು ಅದ್ದಿದೆ. ಸರಿಯಿದೆ ಅನ್ನಿಸಿತು. ನಿನ್ನೆಯ ಮೊಗ್ಗು ನೆನಪಾಯಿತು. ತೋಳೇರಿಸಿ ಮೊಣಕೈ ಅದ್ದಿದೆ. ಬಿಸಿ ಇನ್ನೂ ಹೆಚ್ಚಿತ್ತು. ಮತ್ತೊಂದು ಮಗ್ಗು ತಣ್ಣೀರು ಹಾಕಿ ಮತ್ತೆ ಮೊಣಕೈಯಲ್ಲೇ ನೋಡಿ, "ಹಾಂ, ಈಗ ಮಾಡಿಸಿ" ಅಂದೆ. ಅತ್ತೆ ನನ್ನ ಮೊಣಕೈಯನ್ನು ನೋಡಿದರು.

ಮಗುವನ್ನು ಬೆರಳಿನಿಂದ ಹಿಡಿಯದೆ, ಮುಂದೋಳಿನ ಮೇಲೆ ಮಲಗಿಸಿಕೊಂಡು ನೀರಿಗಿಳಿಸಿದರು. ಮಗು ಅಜ್ಜಿಯ ಗುರುತು ಹಿಡಿದು ಕಾಲು ಬಡಿಯಿತು. "ಒದೀತೀಯೇನೇ ಕಳ್ಳಿ" ಅಂದರು. ಬೆನ್ನ ಮೇಲೆ ನೀರು ಬಿಟ್ಟರು, ಅಂಗೈಯಿಂದ ನಿಧಾನವಾಗಿ ಸವರಿದರು. ಎರಡು ಸಲ, ಮೂರು ಸಲ ಸವರಿದರು. ಆಮೇಲೆ ತಲೆಯೆತ್ತದೆ ಕೇಳಿದರು.

"ಮೆತ್ತಗಿದೆಯೇನೇ ಬೆನ್ನು? ನೋಡಿ ಹೇಳು."

ನಾನು ಕೈ ಚಾಚಿದೆ. ಬೆರಳ ತುದಿಯ ಮೇಲೆ ನನಗೀಗ ಪೂರ್ತಿ ನಂಬಿಕೆಯಿರಲಿಲ್ಲ. ಕೈಯನ್ನು ಮಗುಚಿ, ಹಿಂಗೈಯಿಂದ ಮಗುವಿನ ಬೆನ್ನು ಮುಟ್ಟಿದೆ.

"ಮೆತ್ತಗಿದೆ ಅತ್ತೆ. ಹದ."

ಅವರು ನನ್ನ ಮಗುಚಿದ ಕೈಯನ್ನೇ ನೋಡುತ್ತಿದ್ದರು. ಮಗ್ಗು ಅರ್ಧಕ್ಕೆ ನಿಂತಿತ್ತು.

"ಎಷ್ಟು ದಿನದಿಂದ?" ಅಂದರು.

"ನಿನ್ನೆ ಗೊತ್ತಾಯ್ತು."

ಅವರು ಮಗುವಿನ ಹೆಗಲ ಮೇಲೆ ಉಳಿದ ನೀರನ್ನು ಬಿಟ್ಟರು. ಮಗು ನೀರು ಬಡಿದು ನಮ್ಮಿಬ್ಬರ ಮುಖಕ್ಕೂ ಎರಚಿತು.

"ನೀರು ಆರ್ತಿದೆಯೋ ಏನೋ" ಅಂದರು ಅತ್ತೆ. "ಮೊಣಕೈ ಹಾಕಿ ನೋಡು."